ಅಪ್ಪನ ಗೆರೆ, ನನ್ನ ನೆಲ

ಅಕ್ಕ ವ್ಯಾನಿನ ಕೀಲಿಯನ್ನು ಮೊಳೆಗೆ ನೇತುಹಾಕಿ ಮೂರು ದಿನವಾಗಿತ್ತು. ಅಡುಗೆಮನೆಗೆ ಹೋಗುವ ದಾರಿಯಲ್ಲೇ ಆ ಮೊಳೆ. ನೀರು ಕುಡಿಯಲು ಹೋದರೂ ಕಾಣುತ್ತದೆ, ಕೈ ತೊಳೆಯಲು ಹೋದರೂ ಕಾಣುತ್ತದೆ. ಅವಳು ಮಾತ್ರ ಅದರ ಕಡೆ ಕತ್ತು ತಿರುಗಿಸದೆ ಹಾದುಹೋಗುವುದನ್ನು ಕಲಿತುಬಿಟ್ಟಿದ್ದಳು. ಅವಳು ಹಾಗೆ ಹಾದುಹೋಗುವುದನ್ನು ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಕ್ಕನ ಕೆಲಸ ನಮ್ಮದೇ ವ್ಯಾನಿನಲ್ಲಿ ಬಟ್ಟೆ ಸಾಗಿಸುವುದು. ದೊಡ್ಡ ಲಾಂಡ್ರಿಯಲ್ಲಿ ಒಗೆದು ಮಡಚಿಟ್ಟ ಹಾಸಿಗೆ ಬಟ್ಟೆಗಳನ್ನು ಆಸ್ಪತ್ರೆಗೆ ಮುಟ್ಟಿಸಿ, ಕೊಳೆಯಾದವನ್ನು ವಾಪಸ್ ತರಬೇಕು. ಬೆಳಗಿನ ಐದಕ್ಕೆ ಹೊರಡಬೇಕು, ಆಗ ಇನ್ನೂ ಕತ್ತಲೆ. ಮಂಗಳವಾರ ಬೆಳಿಗ್ಗೆ, ಬೀದಿದೀಪಗಳು ಮುಗಿಯುವ ಕಡೆ, ರಸ್ತೆಯ ಅಂಚಿನಲ್ಲಿ ನಿಂತಿದ್ದ ಒಂದು ತಳ್ಳುಗಾಡಿಗೆ ವ್ಯಾನ್ ಗುದ್ದಿತು. ಗಾಡಿಯವನು ಆಚೆ ಬದಿಯಲ್ಲಿ ಬಗ್ಗಿ ಹಗ್ಗ ಬಿಗಿಯುತ್ತಿದ್ದ. ಚಕ್ರ ಮುರಿಯಿತು, ಅವನ ಮೊಣಕೈ ತರಚಿತು, ಅಷ್ಟೇ. ಅವನು ಒಂದು ಮೊಳ ಈಚೆಗೆ ಇದ್ದಿದ್ದರೆ ‘ಅಷ್ಟೇ’ ಅನ್ನುವ ಮಾತು ಇರುತ್ತಿರಲಿಲ್ಲ.

ಲಾಂಡ್ರಿಯ ಮ್ಯಾನೇಜರು ಫೋನಿನಲ್ಲಿ ಒಳ್ಳೆಯ ಮಾತಿನಲ್ಲೇ ಹೇಳಿದ್ದರು. “ಸೋಮವಾರದ ತನಕ ಬೇರೆಯವನನ್ನ ಹಾಕಿರ್ತೀನಮ್ಮ. ಸೋಮವಾರ ಬೆಳಿಗ್ಗೆ ನೀನು ಬಂದ್ರೆ ಸರಿ. ಇಲ್ಲಾಂದ್ರೆ ಅವನೇ ಖಾಯಂ.”

ಬರುವುದಕ್ಕೆ ಅವಳಿಗೆ ಕಾಲಿತ್ತು, ಕೈಯಿತ್ತು, ಲೈಸೆನ್ಸ್ ಇತ್ತು. ಇಲ್ಲದಿದ್ದದ್ದು ಒಂದೇ, ತನ್ನ ಕಣ್ಣಿನ ಮೇಲೆ ನಂಬಿಕೆ. ಅದನ್ನು ಕಿತ್ತುಕೊಂಡವರು ಅಪ್ಪ.

“ಗಾಡಿ ಅಷ್ಟು ದೊಡ್ಡದಿತ್ತು. ಕಾಣಲಿಲ್ಲ ಅಂದ್ರೆ ಏನರ್ಥ,” ಎಂದಿದ್ದರು ಅವತ್ತೇ. “ಕಣ್ಣು ತೋರಿಸ್ಕೋ.”

ಅಕ್ಕ ಹೋಗಿ ತೋರಿಸಿಕೊಂಡು ಬಂದಳು. ಡಾಕ್ಟರು ಏನೂ ತೊಂದರೆ ಇಲ್ಲ ಎಂದರು. ಅಪ್ಪ ಅದಕ್ಕೂ ಜಗ್ಗಲಿಲ್ಲ. “ಟ್ಯೂಬ್‌ಲೈಟ್ ಕೆಳಗೆ ಗೋಡೆ ಮೇಲಿನ ಅಕ್ಷರ ಯಾರಿಗೆ ಕಾಣಲ್ಲ? ಕತ್ತಲಲ್ಲಿ ಕಾಣೋದು ಬೇರೆ ಲೆಕ್ಕ.” ಆಮೇಲಿಂದ ಅಕ್ಕ ಕಿಟಕಿಯ ಬಳಿ ನಿಂತು ಒಂದು ಕಣ್ಣು ಮುಚ್ಚಿ ಎದುರುಮನೆಯ ನಲ್ಲಿಯನ್ನು ನೋಡುತ್ತಿದ್ದಳು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಅದೇ ನಲ್ಲಿ. ಹಳೆಯ ವ್ಯಾನನ್ನು ಆರು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವಳು.

“ಎರಡು ತಿಂಗಳಲ್ಲಿ ಕಣ್ಣು ಹೋಗುತ್ತೇನೇ?” ಎಂದೆ. “ಹೊಸ ವ್ಯಾನ್ ಬಂದು ಎರಡು ತಿಂಗಳು. ಕಣ್ಣು ಹೋಗಿರೋದು ಅದರದ್ದು, ನಿನ್ನದಲ್ಲ.”

“ಹೊಸದಲ್ಲ ಕಣೋ. ನಮಗೆ ಹೊಸದು,” ಎಂದಳು. ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ನಾನು ಅಂದೇ ತೀರ್ಮಾನ ಮಾಡಿದೆ. ಸೋಮವಾರ ಬೆಳಿಗ್ಗೆ ಆ ಮೊಳೆ ಖಾಲಿ ಇರಬೇಕು.

ಆ ವ್ಯಾನು ಹಡಗಿನಲ್ಲಿ ಬಂದದ್ದು. ನಮ್ಮಲ್ಲಿ ರಸ್ತೆಯ ಯಾವ ಬದಿಯಲ್ಲಿ ಓಡಿಸುತ್ತೇವೋ ಅದರ ಇನ್ನೊಂದು ಬದಿಯಲ್ಲಿ ಓಡಿಸುವ ದೇಶದ್ದು. ತರಿಸಿದವರು ಸ್ಟೇರಿಂಗನ್ನು ನಮ್ಮ ಬದಿಗೆ ಬದಲಾಯಿಸಿದ್ದರು. ಬಾಗಿಲಿನ ಒಳಗೆ ಯಾರಿಗೂ ಓದಲಾಗದ ಅಕ್ಷರದ ಚೀಟಿಯೊಂದು ಹಾಗೇ ಇತ್ತು. ‘ಮುಂದೆ ಏನೂ ಕಾಣದಿದ್ದರೆ ನಾವು ಹೊಣೆಯಲ್ಲ’ ಎಂದು ಬರೆದಿರಬೇಕು ಎಂದು ಅಕ್ಕ ಮೊದಲ ವಾರವೇ ತಮಾಷೆ ಮಾಡಿದ್ದಳು. ಆಗ ನಾವು ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎದುರಿನಿಂದ ಬರುವವರೆಲ್ಲ ಲೈಟ್ ಮಿಟುಕಿಸಿ ಬೈಯುತ್ತಾರೆ ಎಂದಾಗ ಅಪ್ಪ ದೀಪಗಳನ್ನು ತಮ್ಮ ಗೆರೆಗಿಂತ ನಾಲ್ಕು ಬೆರಳು ಕೆಳಗಿಳಿಸಿಕೊಟ್ಟಿದ್ದರು.

ಗೆರೆ ಎಂದರೆ ನಮ್ಮ ಗ್ಯಾರೇಜಿನ ಗೋಡೆಯ ಮೇಲಿನ ಗೆರೆ. ಮನೆಯ ಮುಂಭಾಗವೇ ಗ್ಯಾರೇಜು. ಒಳಗಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಮೂರು ಗೆರೆಗಳಿವೆ. ಮೇಲಿನದು ಲಾರಿಗೆ, ನಡುವಿನದು ವ್ಯಾನಿಗೆ, ಕೆಳಗಿನದು ಕಾರಿಗೆ. ನಾನು ಅಂಬೆಗಾಲಿಡುವ ಕಾಲದಲ್ಲಿ ಅಪ್ಪ ಎಳೆದದ್ದು. ಗಾಡಿಯನ್ನು ಗುರುತಿನ ಮೇಲೆ ನಿಲ್ಲಿಸಿ, ದೀಪದ ಬೆಳಕಿನ ಮೇಲಂಚು ಅದರದರ ಗೆರೆಗೆ ಕೂರುವಂತೆ ಸ್ಕ್ರೂ ತಿರುಗಿಸಿದರೆ ಮುಗಿಯಿತು. ಊರಿನಲ್ಲಿ ಬೇರೆ ಗ್ಯಾರೇಜಿನವರೂ ಗಾಡಿಗಳನ್ನು ಇಲ್ಲಿಗೆ ಕಳಿಸುತ್ತಿದ್ದರು. ‘ಗೆರೆಗೆ ಹಿಡಿಸ್ಕೊಂಡು ಬಾ’ ಎಂದರೆ ಅಪ್ಪನ ಹತ್ತಿರ ಹೋಗಿ ಬಾ ಎಂದೇ ಅರ್ಥ.

ನನಗೆ ಬೀದಿಯವರು ಇಟ್ಟ ಹೆಸರು ಪಟಾಕಿ. ಸುಮ್ಮನೆ ಇಟ್ಟಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟರು ಇಡೀ ಕ್ಲಾಸಿನ ಮುಂದೆ ನನ್ನ ಉತ್ತರವನ್ನು ಓದಿ ನಗಿಸಿದಾಗ ನೋಟ್‌ಬುಕ್ಕನ್ನು ಅವರ ಮೇಜಿನ ಮೇಲಿಟ್ಟು ಎದ್ದು ಬಂದವನು ಮತ್ತೆ ಹೋಗಲಿಲ್ಲ. ಶುಕ್ರವಾರವೂ ಹಾಗೇ ಆಯಿತು. ಲೆಕ್ಕ ಗಿಕ್ಕ ಏನೂ ಇಲ್ಲದೆ, ಬೆಳಕು ಕಡಿಮೆ ತಾನೇ, ಜಾಸ್ತಿ ಮಾಡಿದರಾಯಿತು ಎಂದು ಅಂಗಡಿಯಲ್ಲಿದ್ದದ್ದರಲ್ಲೇ ದೊಡ್ಡ ಬಲ್ಬುಗಳನ್ನು ತಂದು ಹಾಕಿದೆ.

ಅಪ್ಪ ಟೈರಿಗೆ ಪಂಕ್ಚರ್ ಹಾಕುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಬಾಯಿ ಬಿಡಲಿಲ್ಲ. ಅವರು ಬೈದರೆ ತಡೆಯಬಹುದು, ಸುಮ್ಮನಿದ್ದರೆ ತಡೆಯಲಾಗುವುದಿಲ್ಲ.

ಸಂಜೆ ಕತ್ತಲಾಗುತ್ತಿದ್ದಂತೆ ನಾನೇ ವ್ಯಾನನ್ನು ಹೊರಗೆ ತೆಗೆದೆ. ಅಕ್ಕ ಬರಲೊಲ್ಲೆ ಎಂದಳು. ಬೀದಿದೀಪ ಮುಗಿದ ಮೇಲೆ ನೋಡಿದರೆ ಎದುರು ಬದಿಯ ಮರಗಳ ಎಲೆ ಎಲೆಯೂ ಕಾಣುತ್ತಿದೆ, ನನ್ನ ಬದಿಯ ರಸ್ತೆಯಂಚು ಮಾತ್ರ ಕಪ್ಪಗೆ ಬಿದ್ದಿದೆ. ಎದುರಿನಿಂದ ಬಂದ ಬಸ್ಸೊಂದು ಮೂರು ಸಲ ಲೈಟ್ ಮಿಟುಕಿಸಿತು, ಆಮೇಲೆ ನಿಂತೇಬಿಟ್ಟಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೈಯಿಂದ ಕಣ್ಣು ಮರೆಮಾಡಿಕೊಂಡು ಕೇಳಿದ. “ಏನಪ್ಪಾ, ಸೂರ್ಯನ್ನೇ ಕಟ್ಕೊಂಡು ಹೊರಟಿದೀಯಲ್ಲ. ನಾವು ಮನೆಗೆ ಹೋಗೋದು ಬೇಡ್ವಾ?”

ವಾಪಸ್ ಬರುವಷ್ಟರಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಒಂದು ಬಲ್ಬಿನ ಹೋಲ್ಡರ್ ಕರಗಿ ಜೋತುಬಿದ್ದಿತ್ತು. ಒಂದೇ ಕಣ್ಣಿನ ವ್ಯಾನಿನಲ್ಲಿ ಗ್ಯಾರೇಜಿನೊಳಕ್ಕೆ ಬಂದೆ. ಅಪ್ಪ ಕೈ ಒರೆಸಿಕೊಳ್ಳುತ್ತಿದ್ದರು.

“ಜೋರು ಮಾಡಿದ್ರೆ ಕಾಣುತ್ತೆ ಅಂದ್ಕೊಂಡ್ಯಾ,” ಎಂದರು. “ನೀನು ಜೋರು ಮಾಡಿದಾಗ ಯಾರಿಗಾದ್ರೂ ಏನಾದ್ರೂ ಕೇಳಿಸಿದೆಯಾ ಇವತ್ತಿನ ತನಕ?”

ನಾನು ಕರಗಿದ ಹೋಲ್ಡರನ್ನು ಕಿತ್ತು ಕಸದ ಡಬ್ಬಿಗೆ ಹಾಕಿದೆ. ಆದರೆ ಆ ಮರಗಳ ಎಲೆಗಳು ಕಣ್ಣಿನಿಂದ ಹೋಗಲಿಲ್ಲ. ಬೆಳಕು ಮೇಲಕ್ಕೆ ಏರಿದ್ದು ಎದುರಿನವರ ಬದಿಗೆ. ತಳ್ಳುಗಾಡಿ ನಿಂತಿದ್ದದ್ದು ನಮ್ಮ ಬದಿಗೆ. ಈ ದೀಪಗಳು ಇನ್ನೂ ತಮ್ಮ ದೇಶದ ರಸ್ತೆಯಂಚನ್ನೇ ಹುಡುಕುತ್ತಿದ್ದವು. ಸ್ಟೇರಿಂಗ್ ಬದಲಾಯಿಸಿದವರು ದೀಪ ಬದಲಾಯಿಸುವುದನ್ನು ಮರೆತಿದ್ದರು.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಗುಜರಿ ಚಿಕ್ಕಮ್ಮನ ಅಂಗಡಿಯ ಮುಂದೆ ನಿಂತಿದ್ದೆ. ಗುಜರಿ ಅಂಗಡಿ ನಡೆಸುವ ಆಕೆ ನಮಗೆ ಸಂಬಂಧವೇನೂ ಅಲ್ಲ, ಎಲ್ಲರಿಗೂ ಚಿಕ್ಕಮ್ಮ. ಹಳೆಯ ಲಾರಿ ಸೀಟಿನ ಮೇಲೆ ಕೂತು ಇಡೀ ಅಂಗಡಿಯನ್ನು ಕೋಲಿನ ತುದಿಯಿಂದ ಆಳುತ್ತಾಳೆ.

“ನಮ್ಮಂಥದೇ ವ್ಯಾನಿನ ಹೆಡ್‌ಲೈಟ್ ಬೇಕು ಚಿಕ್ಕಮ್ಮ. ಆದ್ರೆ ನಮ್ಮ ಬದಿಯಲ್ಲಿ ಓಡಿಸೋ ದೇಶಕ್ಕೆ ಮಾಡಿದ್ದು.”

“ಅದೆಲ್ಲ ನಿಂಗೆ ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ. ನೋಡಿದೆ.”

“ಪಟಾಕಿ ನೋಡೋದನ್ನೂ ಕಲ್ತಿತಾ,” ಎಂದು ಕೋಲನ್ನು ಮೂಲೆಗೆ ತೋರಿಸಿದಳು. “ಆ ರಾಶೀಲಿ ಹುಡುಕು. ಒಡೆದ್ರೆ ಒಡೆದದ್ದೂ ನಿಂದೇ.”

ಮಧ್ಯಾಹ್ನದ ತನಕ ಹುಡುಕಿದೆ. ಅಂಗೈ ಎರಡು ಕಡೆ ಕೊಯ್ದುಕೊಂಡಿತು. ಹದಿನೇಳು ದೀಪ ಎತ್ತಿ ನೋಡಿ ಹದಿನೇಳೂ ಬದಿಗಿಟ್ಟೆ. ಕಡೆಗೆ ಎರಡು ಸಿಕ್ಕವು. ಒಂದರ ಕಿವಿ ಮುರಿದಿತ್ತು, ಅಂದರೆ ಬೋಲ್ಟು ಕೂರುವ ಜಾಗ. ಬ್ಯಾಟರಿಗೆ ಹಚ್ಚಿ, ನೆರಳಿನಲ್ಲಿದ್ದ ತಗಡಿನ ಗೋಡೆಗೆ ಹಿಡಿದು ನೋಡಿದೆ. ಬೆಳಕಿನ ಅಂಚು ಎದುರು ಬದಿಗೆ ಮಟ್ಟಸವಾಗಿ ಹೋಗಿ, ನಮ್ಮ ಬದಿಗೆ ಬಂದಾಗ ಹುಬ್ಬಿನಂತೆ ಮೇಲೇರಿತ್ತು. ಇದು ನಮ್ಮದು.

“ಮೆತ್ತಗೆ ಹಿಡ್ಕೊಂಡು ಹೋಗು,” ಎಂದಳು ಚಿಕ್ಕಮ್ಮ. “ಅದಕ್ಕೆ ನಿನ್ನ ಕೋಪ ಗೊತ್ತಿಲ್ಲ.”

ಮುರಿದ ಕಿವಿಗೆ ಕಬ್ಬಿಣದ ಪಟ್ಟಿ ಬಗ್ಗಿಸಿ ಕೂರಿಸಿದೆ. ಮಬ್ಬಾಗಿದ್ದ ಹೊರಮೈಯನ್ನು ನೀರು ಹಾಕಿ ಉಜ್ಜಿ ಉಜ್ಜಿ ತಿಳಿಯಾಗಿಸಿದೆ. ಮಾಮೂಲಿ ಬಲ್ಬುಗಳನ್ನೇ ಹಾಕಿದೆ. ನಾಲ್ಕು ಗಂಟೆಗೆ ಶಟರ್ ಎಳೆದು ಗ್ಯಾರೇಜನ್ನು ಕತ್ತಲು ಮಾಡಿ, ವ್ಯಾನನ್ನು ಗುರುತಿನ ಮೇಲೆ ನಿಲ್ಲಿಸಿ, ಬೆಳಕಿನ ಅಂಚನ್ನು ಅಪ್ಪನ ನಡುವಿನ ಗೆರೆಗೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂರಿಸಿದೆ. ಅಪ್ಪ ಹಾಕಿದ್ದ ನಾಲ್ಕು ಬೆರಳಿನ ಇಳಿತ ಈಗ ಬೇಕಿರಲಿಲ್ಲ. ಅಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ಚೆನ್ನಾಗಿದೆ,” ಎಂದಳು.

“ಸಂಜೆ ನೀನು ಓಡಿಸ್ತೀಯ.”

“ಮೊದಲು ನೀನು ನೋಡ್ಕೊಂಡು ಬಾ.”

ನೋಡಿಕೊಂಡು ಬಂದೆ. ಎದುರಿನಿಂದ ಬಂದವರು ಯಾರೂ ಬೈಯಲಿಲ್ಲ. ನಮ್ಮ ಬದಿಯ ಅಂಚಿಗೂ ಬೆಳಕು ಬೀಳುತ್ತಿತ್ತು. ಆದರೆ ಹತ್ತಿರ. ತೀರ ಹತ್ತಿರ. ವ್ಯಾನ್ ನಿಲ್ಲಿಸಿ ಇಳಿದು ಹೆಜ್ಜೆ ಹಾಕಿ ಎಣಿಸಿದೆ. ಮೂವತ್ತು ಹೆಜ್ಜೆ, ಆಮೇಲೆ ಪರದೆ ಎಳೆದಂತೆ ಕತ್ತಲು. ಬೆಳಗಿನ ಐದಕ್ಕೆ ಬಟ್ಟೆ ತುಂಬಿದ ವ್ಯಾನು ಮೂವತ್ತು ಹೆಜ್ಜೆಯಲ್ಲಿ ನಿಲ್ಲುವುದಿಲ್ಲ.

ಊಟದ ಹೊತ್ತಿಗೆ ಅಪ್ಪ ಕೇಳಿದರು. “ಗೆರೆಗೆ ಸರಿಯಾಗಿ ಹಿಡಿಸಿದೀಯ?”

“ಸರಿಯಾಗೇ ಇದೆ.”

“ನಾನೂ ನೋಡಿದೆ. ಸರಿಯಾಗೇ ಇದೆ.” ತಟ್ಟೆಯಿಂದ ತಲೆ ಎತ್ತದೆ ಹೇಳಿದರು. “ದೀಪ ಬದಲಾಯ್ತು, ಗೆರೆಗೂ ಕೂತಿತು. ಇನ್ನು ಉಳಿದಿರೋದು ಕಣ್ಣು.”

“ಓಡಿಸಿದ್ದು ನಾನು. ಕಾಣಲಿಲ್ಲ ಅಂತಿರೋದೂ ನಾನು. ಹಾಗಾದ್ರೆ ನನ್ನ ಕಣ್ಣೂ ಹೋಗಿದೆ.”

“ಹೋಗಿರಬಹುದು. ಒಂದೇ ಮನೆ ಮಕ್ಕಳು.”

ಅಕ್ಕ ಎದ್ದು ಕೈ ತೊಳೆಯಲು ಹೋದಳು. ಕೀಲಿಯ ಪಕ್ಕವೇ ಹಾದುಹೋದಳು. ತಟ್ಟೆ ಎತ್ತಿ ಗೋಡೆಗೆ ಅಪ್ಪಳಿಸುವಷ್ಟು ಸಿಟ್ಟು ಬಂತು. ಅಪ್ಪಳಿಸಲಿಲ್ಲ. ಶುಕ್ರವಾರ ಕರಗಿದ ಹೋಲ್ಡರ್ ಇನ್ನೂ ನೆನಪಿನಲ್ಲಿತ್ತು. ಹಲ್ಲು ಕಚ್ಚಿಕೊಂಡು ಅನ್ನದ ಕೊನೆಯ ಅಗುಳಿನ ತನಕ ಉಂಡೆ. ದೀಪ ಸರಿಯಿದೆ. ಕಣ್ಣು ಸರಿಯಿದೆ. ಹಾಗಾದರೆ ಈ ಮನೆಯಲ್ಲಿ ಇನ್ನು ಅಳೆಯದೆ ಬಿಟ್ಟಿರುವುದು ಒಂದೇ.

ಭಾನುವಾರ ಗ್ಯಾರೇಜಿಗೆ ರಜೆ. ಅಪ್ಪ ಮಲಗಿದ್ದಾಗ ಟೇಪು ಹಿಡಿದು ಹೋದೆ. ಅಪ್ಪನ ಗೆರೆ ತಪ್ಪು ಎಂದು ಹೇಳಲು ಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ. ಇಪ್ಪತ್ತು ವರ್ಷದಿಂದ ಒಬ್ಬರನ್ನೂ ಮುಟ್ಟಗೊಡದ ಗೆರೆ. ‘ನೀವು ಹೇಳಿದ್ದೇ ವೇದ’ ಎಂದು ಶುರು ಮಾಡುವುದು ಎಂದೂ ನಿರ್ಧರಿಸಿದ್ದೆ.

ನೆಲದಿಂದ ದೀಪದ ನಡುಮಧ್ಯಕ್ಕೆ ಎಂಬತ್ತೈದು ಸೆಂಟಿಮೀಟರ್. ವ್ಯಾನಿಗೂ ಗೋಡೆಗೂ ನಡುವೆ ಐದು ಮೀಟರ್. ಬೆಳಕು ಮೀಟರಿಗೆ ಒಂದು ಸೆಂಟಿಮೀಟರ್ ಇಳಿಯಬೇಕು, ಅಂದರೆ ಗೆರೆ ಎಂಬತ್ತರಲ್ಲಿ ಇರಬೇಕು. ಗೋಡೆಯ ಬುಡಕ್ಕೆ ಹೋಗಿ ಟೇಪು ಹಿಡಿದೆ. ಎಂಬತ್ತು. ಮತ್ತೆ ಹಿಡಿದೆ. ಎಂಬತ್ತೇ.

ಗೆರೆ ಸರಿಯಾಗಿತ್ತು. ಟೇಪನ್ನು ಜೇಬಿಗೆ ತುರುಕಿದೆ. ಗೆರೆಯನ್ನು ದುರುಗುಟ್ಟಿ ನೋಡಿ ಹಿಂದೆ ತಿರುಗಿ ಹೆಜ್ಜೆ ಇಟ್ಟೆ, ಕಾಲಿನ ಹೆಬ್ಬೆರಳು ನೆಲದ ಅಂಚಿಗೆ ಬಡಿಯಿತು. ನಕ್ಷತ್ರ ಕಂಡವು. ಹೆಬ್ಬೆರಳನ್ನು ಹಿಡಿದುಕೊಂಡು ಅಲ್ಲೇ ಕುಸಿದು ಕೂತು, ನನಗೆ ಬಡಿದ ಆ ಅಂಚಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ.

ಆಮೇಲೆ ಅಂಚನ್ನು ನೋಡಿದೆ.

ಅದೊಂದು ಮೆಟ್ಟಿಲು. ಮೂರು ವರ್ಷದ ಹಿಂದೆ ಬೀದಿಯ ನೀರು ಗ್ಯಾರೇಜಿಗೆ ನುಗ್ಗುತ್ತದೆ ಎಂದು ನೆಲ ಎತ್ತರಿಸಿದ್ದೆವು. ಗೋಡೆಯ ಬುಡದಲ್ಲಿ ನೀರು ಹರಿಯುವ ಕಾಲುವೆ ಇದ್ದದ್ದರಿಂದ ಅಲ್ಲಿ ಎರಡು ಅಡಿ ಜಾಗವನ್ನು ಹಳೆಯ ಮಟ್ಟದಲ್ಲೇ ಬಿಟ್ಟು, ಗಾಡಿ ನಿಲ್ಲುವ ಇಡೀ ನೆಲಕ್ಕೆ ಹೊಸ ಕಾಂಕ್ರೀಟ್ ಹಾಕಿದ್ದೆವು. ದಿನಕ್ಕೆ ನೂರು ಸಲ ಆ ಮೆಟ್ಟಿಲನ್ನು ಹತ್ತಿ ಇಳಿಯುತ್ತೇವೆ. ಕಾಲಿಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ವ್ಯಾನನ್ನು ಅಳೆದದ್ದು ಮೇಲಿನ ನೆಲದಿಂದ. ಗೆರೆಯನ್ನು ಅಳೆದದ್ದು ಕೆಳಗಿನ ನೆಲದಿಂದ. ಗಾಡಿ ಮೇಲೇರಿತ್ತು, ಗೆರೆ ಇದ್ದಲ್ಲೇ ಇತ್ತು.

ಮೂಲೆಯಲ್ಲಿ ಮೊಳೆಗೆ ಸುತ್ತಿಟ್ಟ ಪಾರದರ್ಶಕ ಪೈಪು ಇತ್ತು, ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿ ಬಳಸುವಂಥದ್ದು. ಅದಕ್ಕೆ ನೀರು ತುಂಬಿ, ಒಂದು ತುದಿಯನ್ನು ವ್ಯಾನಿನ ದೀಪದ ಪಕ್ಕ ತಂತಿಯಿಂದ ಕಟ್ಟಿ, ಇನ್ನೊಂದನ್ನು ಗೋಡೆಗೆ ಹಿಡಿದೆ. ದೀಪದ ಎತ್ತರಕ್ಕೆ ನೀರು ನಿಂತ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿ, ಐದು ಸೆಂಟಿಮೀಟರ್ ಕಳೆದೆ. ಗೆರೆ ಎಲ್ಲಿ ಇರಬೇಕಿತ್ತೋ ಅದು ಅಪ್ಪನ ಗೆರೆಗಿಂತ ಅರ್ಧ ಗೇಣು ಮೇಲಿತ್ತು. ಐದು ಮೀಟರಿಗೇ ಅರ್ಧ ಗೇಣು ಕೆಳಗೆ ಮೂತಿ ಮಾಡಿದ ದೀಪ ಇನ್ನೆಷ್ಟು ದೂರ ಹೋದೀತು? ಲೆಕ್ಕದ ಮೇಷ್ಟರು ಬೇಕಿರಲಿಲ್ಲ ಇದಕ್ಕೆ.

ಓಡಿಹೋಗಿ ಅಪ್ಪನನ್ನು ಎಬ್ಬಿಸಿ, ಜೋಡಿಸಿಟ್ಟ ಮಾತನ್ನೆಲ್ಲ ಒಂದೇ ಉಸಿರಿಗೆ ಸುರಿಯಬೇಕು ಎಂದು ಎದ್ದೆ. ಎರಡು ಹೆಜ್ಜೆಯಾದ ಮೇಲೆ ಕಾಲು ನಿಂತಿತು.

ಈ ನೆಲ ಹಾಕಿದವನು ನಾನು. ಶಾಲೆ ಬಿಟ್ಟು ಎರಡು ವರ್ಷ ಅಲೆದಾಡಿದ ಮೇಲೆ ನಾನು ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಇದು. ಇದೇ ಪೈಪು ಹಿಡಿದು ಮೂಲೆ ಮೂಲೆಗೂ ಮಟ್ಟ ನೋಡಿದ್ದೆ. ಮುಗಿದ ದಿನ ಅಪ್ಪ ಬರಿಗಾಲಿನಲ್ಲಿ ಇಡೀ ನೆಲ ತುಳಿದು ನೋಡಿ, ‘ಮಟ್ಟಸವಾಗಿದೆ’ ಎಂದಿದ್ದರು. ಅವರ ಬಾಯಿಂದ ನನಗೆ ಬಂದ ಒಳ್ಳೆಯ ಮಾತು ಅದೊಂದೇ. ನೆಲ ನಿಜಕ್ಕೂ ಮಟ್ಟಸವಾಗಿತ್ತು. ಗೆರೆಯೂ ಸರಿಯಾಗಿತ್ತು. ನಾವಿಬ್ಬರೂ ನಮ್ಮ ನಮ್ಮ ಕೆಲಸವನ್ನು ಸರಿಯಾಗಿ ಮಾಡಿ, ಅಕ್ಕನ ಕಣ್ಣಿಗೆ ತಪ್ಪು ಹೊರಿಸಿದ್ದೆವು.

ಅಪ್ಪನನ್ನು ಎಬ್ಬಿಸಿದೆ. “ಒಂದು ನಿಮಿಷ ಬನ್ನಿ. ತೋರಿಸಬೇಕು,” ಎಂದಷ್ಟೇ ಹೇಳಿದೆ.

ಬಂದವರು ಪೆನ್ಸಿಲ್ ಗುರುತು ನೋಡಿದರು, ಪೈಪು ನೋಡಿದರು. “ನೀರು ಸುಳ್ಳು ಹೇಳಲ್ಲ. ಪೈಪಿನಲ್ಲಿ ಗಾಳಿ ಇದ್ರೆ ಹೇಳುತ್ತೆ,” ಎಂದು ಪೈಪಿನುದ್ದಕ್ಕೂ ಬೆರಳಿನಿಂದ ತಟ್ಟುತ್ತ ಹೋದರು. ಒಂದು ಗುಳ್ಳೆಯೂ ಏಳಲಿಲ್ಲ. ತುದಿಗಳನ್ನು ಅದಲುಬದಲು ಮಾಡಿಸಿ ಮತ್ತೆ ನೋಡಿದರು. ನೀರು ಅಲ್ಲೇ ನಿಂತಿತು. ಆಮೇಲೆ ಮೆಟ್ಟಿಲಿನ ಮೇಲೆ ಒಂದು ಕಾಲು, ಕೆಳಗೆ ಒಂದು ಕಾಲು ಇಟ್ಟು ನಿಂತುಕೊಂಡು, ತಮ್ಮ ಎರಡು ಮೊಣಕಾಲುಗಳನ್ನೇ ನೋಡಿದರು.

“ನೆಲ ಹಾಕಿದ್ದು ನಾನು,” ಎಂದೆ.

“ಹಾಕಿಸಿದ್ದು ನಾನು.” ಗೋಡೆಗೆ ಕೈ ಊರಿದರು. “ಮೂರು ವರ್ಷ ಕಣೋ. ಮೂರು ವರ್ಷದಿಂದ ಎಷ್ಟು ಗಾಡಿ ಬಂದಿರಬಹುದು ಈ ಗೆರೆಗೆ?”

ದೀಪ ಮಂಕು ಎಂದು ಬಂದವರಿಗೆಲ್ಲ ಬಲ್ಬು ಬದಲಾಯಿಸಿ ಕಳಿಸಿದ್ದು ಇಬ್ಬರಿಗೂ ನೆನಪಿತ್ತು.

ಅಪ್ಪ ಕಪಾಟಿನಿಂದ ನೀಲಿ ಬಣ್ಣದ ಡಬ್ಬಿ ತೆಗೆದು, ಸ್ಕ್ರೂಡ್ರೈವರಿನಿಂದ ಮುಚ್ಚಳ ಎಬ್ಬಿ, ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು. “ಎಳಿ. ನನ್ನ ಕೈ ಈಗ ನಡುಗುತ್ತೆ.”

ನಡುಗುವುದಿಲ್ಲ. ಬೆಳಿಗ್ಗೆ ಅದೇ ಕೈಯಲ್ಲಿ ಗಡಿಯಾರದ ಸ್ಕ್ರೂ ಬಿಗಿದಿದ್ದರು. ನಾನು ಗೆರೆ ಎಳೆದೆ. ಹಳೆಯ ಗೆರೆಯ ಮೇಲೆ ಅವರೇ ಸುಣ್ಣ ಬಳಿದರು. ಆಮೇಲೆ ಶಟರ್ ಎಳೆದು ವ್ಯಾನಿನ ದೀಪಗಳನ್ನು ಹೊಸ ಗೆರೆಗೆ ಹಿಡಿಸಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕನನ್ನು ಎಳೆದುಕೊಂಡೇ ಹೋಗಬೇಕಾಯಿತು. ಅವಳನ್ನು ಹೊರಡಿಸಿದ್ದು ನಾನಲ್ಲ, ಅಪ್ಪ. ಗಾಡಿಯವನ ಮುರಿದ ಚಕ್ರವನ್ನು ನಾವೇ ರಿಪೇರಿ ಮಾಡಿದ್ದೆವು, ಗಾಡಿ ಇನ್ನೂ ನಮ್ಮಲ್ಲೇ ಇತ್ತು. ಆ ತಳ್ಳುಗಾಡಿಯನ್ನೇ ಅಪ್ಪ ಬೀದಿಗುಂಟ ತಳ್ಳಿಕೊಂಡು ಮುಂದೆ ನಡೆದಿದ್ದರು. ಕಪ್ಪು ಅಂಗಿ ಹಾಕಿಕೊಂಡಿದ್ದರು. ಬೀದಿದೀಪ ಮುಗಿಯುವ ಕಡೆ ವ್ಯಾನ್ ನಿಲ್ಲಿಸಿ ಕೂತಾಗ ಕಿಟಕಿಯ ಹತ್ತಿರ ಬಂದು ಹೇಳಿದರು. “ನಾನು ಹೋಗ್ತಾ ಇರ್ತೀನಿ. ಎಲ್ಲಿ ಕಾಣೋದು ನಿಲ್ಲುತ್ತೋ ಅಲ್ಲಿ ಹಾರ್ನ್ ಹೊಡಿ. ನನ್ನ ಮುಖ ನೋಡಿ ಸುಳ್ಳು ಹೊಡೀಬೇಡ.”

“ನಿಮ್ಮ ಮುಖ ಆ ಕಡೆ ಇರುತ್ತಲ್ಲ ಅಪ್ಪ,” ಎಂದಳು ಅಕ್ಕ.

ರಸ್ತೆಯ ಅಂಚಿನಲ್ಲಿ ತಳ್ಳುಗಾಡಿ ಉರುಳತೊಡಗಿತು. ನಾನು ಅಕ್ಕನ ಪಕ್ಕದಲ್ಲಿ ಕೂತು ಅಪ್ಪನ ಹೆಜ್ಜೆ ಎಣಿಸುತ್ತಿದ್ದೆ. ಅಕ್ಕನ ಅಂಗೈ ಹಾರ್ನಿನ ಮೇಲಿತ್ತು. ಇಪ್ಪತ್ತು. ಮೂವತ್ತು. ನಿನ್ನೆ ಪರದೆ ಬಿದ್ದದ್ದು ಇಲ್ಲೇ. ಅಪ್ಪ ಅದನ್ನು ದಾಟಿ ಹೋದರು. ನಲವತ್ತು. ಅಕ್ಕ ಮುಂದಕ್ಕೆ ಬಾಗಿದಳು. ಐವತ್ತೈದು. ಅಪ್ಪನ ಅಂಗಿ ಕಪ್ಪಿನಲ್ಲಿ ಕಪ್ಪಾಗಿ, ಆದರೂ ಬೇರೆಯಾಗಿ ಕಾಣುತ್ತಿತ್ತು. ಎಪ್ಪತ್ತಕ್ಕೆ ಗಾಡಿ ನಿಂತಿತು. ಅವರು ಅದರ ಆಚೆ ಬದಿಗೆ ಹೋಗಿ, ಆ ದಿನ ಗಾಡಿಯವನು ಬಗ್ಗಿದ್ದಂತೆ ಬಗ್ಗಿದರು.

“ಬಗ್ಗಿದ್ರು,” ಎಂದಳು ಅಕ್ಕ. ದನಿ ಸಣ್ಣದಾಗಿತ್ತು. “ಎಡಗೈಲಿ ಸೊಂಟ ಹಿಡ್ಕೊಂಡಿದಾರೆ. ಗಾಡಿ ಕೆಳಗಿಂದ ಕಾಲು ಎರಡೂ ಕಾಣ್ತಿದೆ.” ಒಂದು ಕಣ್ಣು ಮುಚ್ಚಿದಳು. ಆಮೇಲೆ ಇನ್ನೊಂದು. “ಎರಡರಲ್ಲೂ ಕಾಣ್ತಿದೆ ಕಣೋ.”

“ನಾನು ಹೇಳಲಿಲ್ವಾ.”

“ನೀನು ಹೇಳಲಿಲ್ಲ. ಕೂಗಾಡ್ದೆ.”

ಅಪ್ಪ ಬಗ್ಗಿಯೇ ಇದ್ದರು. ಏಳುವ ಲಕ್ಷಣ ಕಾಣಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು ಉದ್ದಕ್ಕೆ ಹಾರ್ನ್ ಹೊಡೆದಳು. ಅಪ್ಪ ದಡಬಡಿಸಿ ಎದ್ದರು.

“ಏನು, ಕಾಣ್ತಿಲ್ವಾ?” ಎಂದು ಅಲ್ಲಿಂದಲೇ ಕೂಗಿದರು.

“ಕಾಣ್ತಿದೆ. ಸೊಂಟ ಉಳುಕುತ್ತೆ, ಸಾಕು ಬನ್ನಿ.”

ವಾಪಸ್ ಬಂದ ಅಪ್ಪನಿಗೆ ಏದುಸಿರು. ಕಿಟಕಿಗೆ ಮೊಣಕೈ ಊರಿ, ಅಕ್ಕನನ್ನು ನೋಡದೆ ಸ್ಟೇರಿಂಗನ್ನು ನೋಡುತ್ತ ಹೇಳಿದರು. “ಕಣ್ಣು ತೋರಿಸ್ಕೊಳ್ಳಬೇಕಾಗಿದ್ದು ನಾನು.”

“ನಾನೇ ಕರ್ಕೊಂಡು ಹೋಗ್ತೀನಿ,” ಎಂದಳು ಅಕ್ಕ. “ಡಾಕ್ಟರ್ ಪರಿಚಯ ಆಗಿದಾರೆ.”

ಸೋಮವಾರ ನಾನು ಎದ್ದಾಗ ಐದೂವರೆ. ಅಡುಗೆಮನೆಗೆ ಹೋಗುವ ದಾರಿಯಲ್ಲಿ ಮೊಳೆ ಖಾಲಿಯಿತ್ತು. ಸುಮ್ಮನೆ ಒಂದು ಸಲ ಅದನ್ನು ಬೆರಳಿನಿಂದ ಮುಟ್ಟಿ ನೋಡಿದೆ.

ಗ್ಯಾರೇಜಿನಲ್ಲಿ ಬೆಳಕಿತ್ತು. ಅಪ್ಪ ಮೇಜಿನ ಮುಂದೆ ಕೂತು, ಮೂರು ವರ್ಷದಲ್ಲಿ ಗೆರೆಗೆ ಬಂದ ಗಾಡಿಗಳನ್ನು ನೆನಪಿಸಿಕೊಂಡು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆಯುತ್ತಿದ್ದರು. ಎಳನೀರು ಬಣ್ಣದ ಟ್ಯಾಕ್ಸಿ, ಶಾಲೆಯ ಮಿನಿ ಬಸ್ಸು, ಹಾಲಿನ ಲಾರಿ. ಹೆಸರು ನೆನಪಿಲ್ಲದವರಿಗೆ ಗಾಡಿಯ ಡೊಂಕನ್ನೇ ಹೆಸರು ಮಾಡಿ ಬರೆದಿದ್ದರು. ಪುಟದ ಅರ್ಧ ತುಂಬಿತ್ತು.

“ಎಲ್ಲರನ್ನೂ ಕರೆಸ್ತೀರಾ?”

“ಕರೆಸದೆ? ಒಬ್ಬೊಬ್ಬರನ್ನೂ ಕರೆಸ್ತೀನಿ. ಏನಂತ ಹೇಳೋದು ಅಂತ ಯೋಚಿಸ್ತಾ ಇದೀನಿ.”

“ಇದ್ದದ್ದು ಹೇಳಿ. ನೆಲ ಏರಿತು, ಗೆರೆ ಏರಲಿಲ್ಲ ಅಂತ.”

“ಬೈತಾರೆ.”

“ಬೈಯೋರನ್ನ ನನ್ನ ಹತ್ರ ಕಳ್ಸಿ,” ಎಂದೆ.

ಅಪ್ಪ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ನಿನ್ನ ಹತ್ರ ಮಾತ್ರ ಕಳಿಸಲ್ಲ.”

ಪೈಪಿಗೆ ನೀರು ತುಂಬಿದೆ. ಗಾಳಿಯ ಗುಳ್ಳೆಗಳು ಹೋಗುವ ತನಕ ಬೆರಳಿನಿಂದ ತಟ್ಟುತ್ತ ಕಾದೆ. ಲಾರಿಯದೂ ಕಾರಿನದೂ ಸೇರಿ ಇನ್ನೂ ಎರಡು ಗೆರೆ ಬಾಕಿಯಿದ್ದವು.